ಮಗುವನ್ನು ಒಪ್ಪಿಸಿ, ಕಾರನ್ನಲ್ಲ

ಅಜ್ಜಿಯ ಆರು ತಿಂಗಳ ಗಡುವು ಮುಗಿದು, ಬೆಂಗಳೂರಿನ ವಿಮಾನ ಹತ್ತಿಸಿ ಬಂದ ಮೇಲೆ ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದ ಕೆಲವು ಕನ್ನಡ ಮನೆಗಳು ಹುಡುಕುವ ದಾರಿ ಓ ಪೇರ್. ಅಂದರೆ ಜೆ-1 ಎಂಬ ವಿನಿಮಯ ವಿಸಾದಲ್ಲಿ ವಿದೇಶದಿಂದ ಬಂದು, ಮನೆಯಲ್ಲೇ ಉಳಿದು ಮಕ್ಕಳನ್ನು ನೋಡಿಕೊಳ್ಳುವ 18ರಿಂದ 26ರ ವಯಸ್ಸಿನ ಹುಡುಗಿ. ಹುಡುಗರೂ ಬರಬಹುದು.

ಅವಳ ಕೈಗೆ ಮಗುವನ್ನು ಕೊಡುವ ಮುನ್ನ ಅಮೆರಿಕ ಸರ್ಕಾರ ತೋರಿಸುವ ಎಚ್ಚರ ಮೆಚ್ಚುವಂಥದ್ದೇ. ಮಕ್ಕಳ ಸುರಕ್ಷತೆಯ ಬಗ್ಗೆ 8 ಗಂಟೆ ಪಾಠ, ಮಕ್ಕಳ ಬೆಳವಣಿಗೆಯ ಬಗ್ಗೆ 24 ಗಂಟೆ. ಎರಡು ವರ್ಷದೊಳಗಿನ ಕೂಸಾದರೆ 200 ಗಂಟೆ ಅನುಭವದ ದಾಖಲೆ ಬೇಕು. ಅಲ್ಲಿಗೆ ವಾರಕ್ಕೆ 45 ಗಂಟೆ ಕೂಸು ಅವಳ ಸುಪರ್ದಿ. ಅದೇ ಕೂಸನ್ನು ಈಜು ಕ್ಲಾಸಿಗೆ ಬಿಟ್ಟು ಬರಲು ಹಳೇ ಕೊರೊಲಾ ಕಾರಿನ ಕೀ ಕೊಡುತ್ತೇವೆ ಅಂದ ಕೂಡಲೇ ಇನ್ಶೂರೆನ್ಸ್ ಕಂಪನಿಗೆ ಎಚ್ಚರವಾಗುತ್ತದೆ: ಯಾರಿವಳು?

ಅವಳು ಜರ್ಮನಿಯವಳು ಅಂದುಕೊಳ್ಳಿ. ಲೈಸೆನ್ಸಿಗಾಗಿ ಡ್ರೈವಿಂಗ್ ಸ್ಕೂಲಿನಲ್ಲಿ 90 ನಿಮಿಷದ 14 ಪಾಠ ಕೇಳಿರುತ್ತಾಳೆ. ಮಾಮೂಲಿ ಕಲಿಕೆಯ ಜೊತೆಗೆ ಊರಾಚೆ ರಸ್ತೆಯಲ್ಲಿ 5, ಆಟೋಬಾನ್ ಎಂಬ ಅಲ್ಲಿನ ಹೆದ್ದಾರಿಯಲ್ಲಿ 4, ಕತ್ತಲಲ್ಲಿ 3 ಕಡ್ಡಾಯ ಸವಾರಿ ಮುಗಿಸಿರುತ್ತಾಳೆ. ಕ್ಯಾಲಿಫೋರ್ನಿಯಾದಲ್ಲಿ 18 ತುಂಬಿದವರಿಗೆ ಇಂಥ ಯಾವ ಪಾಠವೂ ಕಡ್ಡಾಯವಲ್ಲ. ಆದರೂ ಬಹಳಷ್ಟು ಕಂಪನಿಗಳ ಲೆಕ್ಕದಲ್ಲಿ ಅವಳ ಅನುಭವ ಸೊನ್ನೆ. ಅಟ್ಲಾಂಟಿಕ್ ದಾಟುವಾಗ ಗೇರು, ಬ್ರೇಕು ಎಲ್ಲ ಮರೆತುಹೋಗುತ್ತದೆ ಎಂದು ಅವರ ಸಂಶೋಧನೆಯಿರಬೇಕು.

ವಿದೇಶಿ ಅನುಭವವನ್ನು ಪರಿಗಣಿಸುವ ಕಂಪನಿಗಳೂ ಇವೆ. ಆದ್ದರಿಂದ ಹುಡುಗಿಯನ್ನು ಆರಿಸುವ ಮೊದಲೇ ಇನ್ಶೂರೆನ್ಸ್ ಏಜೆಂಟರಿಗೆ ಫೋನು ಮಾಡಿ ಕೇಳಬೇಕು: ವಿದೇಶಿ ಲೈಸೆನ್ಸ್ ನಂಬರನ್ನು ನಿಮ್ಮ ಸಿಸ್ಟಂ ತೆಗೆದುಕೊಳ್ಳುತ್ತದೆಯೇ? ಅಲ್ಲಿ ಓಡಿಸಿದ ವರ್ಷಗಳನ್ನು ಎಣಿಸುತ್ತೀರಾ? ಇಲ್ಲಿನ ಲೈಸೆನ್ಸ್ ಬಂದ ಮೇಲೆ ಪ್ರೀಮಿಯಂ ಇಳಿಯುತ್ತದೆಯೇ? ಉತ್ತರ ಇಮೇಲಿನಲ್ಲೇ ಬರಲಿ. ಫೋನಿನಲ್ಲಿ ಹೇಳಿದ್ದನ್ನು ಮುಂದೆ ಯಾರೂ ಹೇಳಿರುವುದಿಲ್ಲ. ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಇದೆಯಲ್ಲ ಎಂದು ನೆಮ್ಮದಿಯಾಗಿರಬೇಡಿ. ಅದು ಊರಿನ ಲೈಸೆನ್ಸಿನ ಅನುವಾದ ಮಾತ್ರ, ಸ್ವತಃ ಲೈಸೆನ್ಸ್ ಅಲ್ಲ.

ಇನ್ನು ಇಲ್ಲಿನ ಲೈಸೆನ್ಸ್. ರಾಜ್ಯದಲ್ಲಿ ನೆಲೆಸಿದವಳೆಂದು ಲೆಕ್ಕಕ್ಕೆ ಬಂದರೆ ನ್ಯೂಜೆರ್ಸಿ 60 ದಿನ ಕೊಡುತ್ತದೆ, ಕ್ಯಾಲಿಫೋರ್ನಿಯಾ ಬರೀ 10. ಲೈಸೆನ್ಸಿನ ಅರ್ಜಿಯಲ್ಲಿ ಕೇಳುವ ಸೋಶಿಯಲ್ ಸೆಕ್ಯೂರಿಟಿ ನಂಬರಿಗೆ ಅರ್ಜಿ ಹಾಕುವ ಮೊದಲು ಸುಮಾರು 10 ದಿನ ಕಾಯಿರಿ, ವಲಸೆ ದಾಖಲೆ ಕಂಪ್ಯೂಟರಿನಲ್ಲಿ ಮೂಡಲಿ ಎನ್ನುವುದು ರೂಢಿಯ ಸಲಹೆ. ಹತ್ತು ದಿನದಲ್ಲಿ ಮುಗಿಸಬೇಕಾದ್ದನ್ನು ಶುರುಮಾಡಲು ಹತ್ತು ದಿನ ಕಾಯಬೇಕು. ಆಮೇಲೆ ಪಾಸ್‌ಪೋರ್ಟ್, ಡಿಎಸ್-2019 (ಜೆ-1ರ ಅರ್ಹತಾ ಪತ್ರ), ಐ-94 (ದೇಶದೊಳಗೆ ಬಂದ ದಾಖಲೆ) ಹಿಡಿದು ಲೈಸೆನ್ಸ್ ಕಚೇರಿಯ ಕೌಂಟರಿಗೆ ಹೋದರೆ ವಿಳಾಸದ ಪುರಾವೆ ಕೇಳುತ್ತಾರೆ. ಕರೆಂಟು ಬಿಲ್ಲು ಯಜಮಾನರ ಹೆಸರಲ್ಲಿ, ಬಾಡಿಗೆ ಕರಾರು ಇಲ್ಲವೇ ಇಲ್ಲ. ಹಾಗಾಗಿ ಬಂದ ವಾರವೇ ಅವಳ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆಸಿ, ಸ್ಟೇಟ್‌ಮೆಂಟ್ ಅಂಚೆಯಲ್ಲಿ ಮನೆಗೇ ಬರುವಂತೆ ಮಾಡಿ.

ಅತ್ತ ಪಾಲಿಸಿಯ ಭಾಷೆಯಲ್ಲಿ ಅವಳು 'ಮನೆಯ ಸದಸ್ಯೆ'. ಎಂಥ ಹೃದಯವೈಶಾಲ್ಯ! ಮನೆಯ ಸದಸ್ಯೆಯಾದ್ದರಿಂದ ಹೆಸರು ಸೇರಿಸಲೇಬೇಕು, 25 ತುಂಬದವಳೆಂದು ಹೆಚ್ಚಿನ ಪ್ರೀಮಿಯಂ ಕಟ್ಟಲೇಬೇಕು. ಅಪರೂಪಕ್ಕೆ ಕಾರು ಕೇಳಿ ಒಯ್ಯುವ ಗೆಳೆಯನಿಗೆ ಸಿಗುವ ರಕ್ಷಣೆ, ಮನೆಯಲ್ಲೇ ಇದ್ದು ಪಾಲಿಸಿಯಲ್ಲಿ ಹೆಸರಿಲ್ಲದ ಇವಳಿಗೆ ಸಿಗುತ್ತದೆಂಬ ಭರವಸೆಯಿಲ್ಲ. ಹೇಳದೆ ಸುಮ್ಮನಿದ್ದು ಅಪಘಾತವಾದರೆ ಕಂಪನಿ ಹಿಂದಿನ ದಿನಗಳ ಪ್ರೀಮಿಯಂ ವಸೂಲಿ ಮಾಡಬಹುದು, ಸುಳ್ಳು ಮಾಹಿತಿಯೆಂದು ಕ್ಲೇಮನ್ನೇ ತಳ್ಳಿಹಾಕಬಹುದು. ಉಂಡೂ ಹೋದ, ಕೊಂಡೂ ಹೋದ. 'ಈ ಚಾಲಕಿಯನ್ನು ಹೊರಗಿಡಿ' ಎಂದು ಸಹಿ ಮಾಡಿ ಹಣ ಉಳಿಸಿದವರು ಅವಳಿಗೆ ಕೀ ಕೊಡುವಂತೆಯೇ ಇಲ್ಲ, ಫಾರ್ಮಸಿಗೆ ಹೋಗಿ ಬರಲೂ ಕೂಡ. (ಸ್ಟಿಯರಿಂಗ್ ಮುಟ್ಟದ ಅಜ್ಜಿಯನ್ನೂ 'ಓಡಿಸದ ಸದಸ್ಯೆ' ಎಂದು ಬರೆಸಿಕೊಳ್ಳುವ ಕಂಪನಿಗಳಿವೆ.)

ಅವಳ ಕನಿಷ್ಠ ವಾರದ ಭತ್ಯೆ 195.75 ಡಾಲರ್. ಕೇಂದ್ರ ಸರ್ಕಾರದ ಕನಿಷ್ಠ ವೇತನವಾದ ಗಂಟೆಗೆ 7.25 ಡಾಲರಿನಂತೆ 45 ಗಂಟೆಗೆ 326.25, ಊಟ-ವಸತಿಗೆಂದು ಶೇ. 40 ಕಳೆದರೆ ಉಳಿಯುವುದಷ್ಟು. ಸಂಬಳದಲ್ಲಿ ಅನ್ನ ತಿಂದದ್ದಕ್ಕೆ ಕಡಿತ, ಇನ್ಶೂರೆನ್ಸಿನಲ್ಲಿ ಮನೆಮಗಳು.

ಖರ್ಚು ಇಳಿಸುವ ದಾರಿ ಇಲ್ಲದಿಲ್ಲ. ಹಳೇ ಕಾರನ್ನು ಅವಳಿಗೆ ಗೊತ್ತುಮಾಡಿ, ಹಾಗೆಂದು ಪಾಲಿಸಿಯಲ್ಲಿ ಬರೆಸಿ. ಆದರೆ ಕೆಲವು ಕಂಪನಿಗಳ ಸಿಸ್ಟಂ ಅತಿ ದುಬಾರಿ ಚಾಲಕಿಯನ್ನು ಅತಿ ದುಬಾರಿ ಕಾರಿಗೆ ತಾನೇ ಗಂಟುಹಾಕುತ್ತದೆ, ಆದ್ದರಿಂದ ಕಾಗದ ಬಂದಾಗ ಓದಿ ನೋಡಿ. ಕಾರಿನ ಬೆಲೆ ತೀರಾ ಇಳಿದಿದ್ದರೆ ಡಿಕ್ಕಿಯಲ್ಲಿ ನಿಮ್ಮದೇ ಕಾರಿಗಾದ ನಷ್ಟ ತುಂಬುವ ಕೊಲಿಷನ್ ಕವರ್ ತೆಗೆಸಬಹುದು. ಬೇರೆಯವರಿಗಾದ ಹಾನಿಗೆ ತೆರುವ ಲಯಬಿಲಿಟಿಯ ಮಿತಿಯನ್ನು ಮಾತ್ರ ಇಳಿಸಬೇಡಿ. 2025ರ ಜನವರಿಯಲ್ಲಿ ಏರಿಸಿದ ಮೇಲೂ ಕ್ಯಾಲಿಫೋರ್ನಿಯಾದ ಕನಿಷ್ಠ ಮಿತಿ ಒಬ್ಬರ ಗಾಯಕ್ಕೆ 30,000 ಡಾಲರ್ ಅಷ್ಟೇ. ಅಲ್ಲಿನ ಆಸ್ಪತ್ರೆಗೆ ಅದು ಬೋಣಿ. ಮೊಬೈಲ್ ಆ್ಯಪಿನಲ್ಲಿ ಬ್ರೇಕು ಹಾಕುವ ರೀತಿ ಅಳೆದು ರಿಯಾಯಿತಿ ಕೊಡುವ ಯೋಜನೆಗೆ ಸೇರಿದರೆ, ರಜಾದಿನ ಅವಳು ಗೆಳತಿಯ ಕಾರಿನಲ್ಲಿ ಸುಮ್ಮನೆ ಕೂತು ಹೋದದ್ದನ್ನೂ ಅವಳೇ ಓಡಿಸಿದಳೆಂದು ಆ್ಯಪು ಬರೆದುಕೊಂಡೀತು. ಅಂಥ ಪ್ರತಿ ಸವಾರಿಯನ್ನೂ 'ಪ್ರಯಾಣಿಕಳು' ಎಂದು ತಿದ್ದಬೇಕು.

ವರ್ಷ ಮುಗಿದು ಅವಳು ಊರಿಗೆ ಹೊರಟಾಗ ವಿಮಾನದ ಟಿಕೆಟಿನ ಪ್ರತಿ, ಡಿಎಸ್-2019ರ ಪ್ರತಿ ತೆಗೆದಿಟ್ಟುಕೊಳ್ಳಿ. ಸೇರಿಸುವಾಗ ನಿಮ್ಮ ಬಾಯಿಮಾತನ್ನು ನಂಬಿದ ಕಂಪನಿ, ಹೆಸರು ತೆಗೆಯುವಾಗ ಸಾಕ್ಷಿ ಕೇಳಬಹುದು.