ಭಾವ ಕೊಡಲ್ಲ ಅಂದಿಲ್ಲ, ಆಗ್ಲಿಲ್ಲ ಅಷ್ಟೇ

ಮೊನ್ನೆ ಮದ್ದೂರಿನ ಹತ್ತಿರ ಒಂದು ಬೀಗರ ಊಟಕ್ಕೆ ಹೋಗಿದ್ದೆ. ಮುದ್ದೆ ಮುರಿಯುವ ಹೊತ್ತಿಗೆ ಪಂಕ್ತಿಯಲ್ಲಿ ನಮ್ಮ ಭಾವನ ವಿಷಯ ಬಂತು. "ಹೆಂಡ್ರಿಗೆ ಒಂದು ಕಿಡ್ನಿ ಕೊಡಕ್ಕಾಗ್ನಿಲ್ಲ, ಮ್ಯಾಚ್ ಆಗ್ನಿಲ್ಲ ಅಂತ ಕತೆ ಹೇಳ್ತಾನೆ. ಇಬ್ರುದೂ ಓ ಪಾಸಿಟಿವ್ ಅಂತೆ ಕಣ್ಲಾ" ಅಂದರು ಒಬ್ಬರು. ಉಳಿದವರು ನಕ್ಕರು. ನಾನು ಸುಮ್ನೆ ಉಂಡು ಎದ್ದು ಬಂದೆ, ತಪ್ಪು ಮಾಡಿದೆ. ಅಲ್ಲಿ ಹೇಳಬೇಕಿದ್ದನ್ನ ಇಲ್ಲಿ ಹೇಳುತ್ತೇನೆ.

ಅಕ್ಕ ಅಂದರೆ ನಮ್ಮ ದೊಡ್ಡಪ್ಪನ ಮಗಳು. ಅವಳು ವಾರಕ್ಕೆ ಮೂರು ದಿನ ಮಂಡ್ಯದಿಂದ ಮೈಸೂರಿಗೆ ಡಯಾಲಿಸಿಸ್‌ಗೆ ಓಡಾಡುತ್ತಿದ್ದಾಗ "ನಂದು ತಗೊಳ್ಳಿ" ಅಂತ ಮೊದಲು ಬಂದವರೇ ಭಾವ.

ಬ್ಲಡ್ ಗ್ರೂಪ್ ಕೂಡಿದರೆ ಕೆಲಸ ಮುಗಿಯಲ್ಲ. ನಮ್ಮ ಜೀವಕೋಶಗಳ ಮೇಲೆ ಎಚ್‌ಎಲ್‌ಎ ಅನ್ನುವ ಗುರುತುಗಳಿರುತ್ತವೆ, ಇದು ನಂದು, ಇದು ಹೊರಗಿನದು ಅಂತ ದೇಹ ಕಂಡುಹಿಡಿಯೋದು ಇವುಗಳಿಂದಲೇ; ಅಪ್ಪನಿಂದ ಒಂದು ಸೆಟ್, ಅವ್ವನಿಂದ ಒಂದು ಸೆಟ್. ಹಾಗಾಗಿ ಒಡಹುಟ್ಟಿದವರಲ್ಲೂ ಪೂರ್ತಿ ಹೊಂದುವ ಸಾಧ್ಯತೆ 4ರಲ್ಲಿ 1 ಮಾತ್ರ, ಒಂಚೂರೂ ಹೊಂದದಿರುವುದೂ 4ರಲ್ಲಿ 1. 1954ರಲ್ಲಿ ಬಾಸ್ಟನ್‌ನಲ್ಲಿ ಡಾ. ಜೋಸೆಫ್ ಮರ್ರೆ ಮಾಡಿದ ಕಿಡ್ನಿ ಕಸಿ ಗೆದ್ದದ್ದೇ ಕೊಟ್ಟವನೂ ತಗೊಂಡವನೂ ತದ್ರೂಪಿ ಅವಳಿಗಳಾಗಿದ್ದರಿಂದ. ಈಗ ಹೊರಗಿನ ಕಿಡ್ನಿಯನ್ನ ದೇಹ ತಳ್ಳಿಹಾಕದ ಹಾಗೆ ತಡೆಯುವ ಒಳ್ಳೆ ಮಾತ್ರೆಗಳಿವೆ, ಅಷ್ಟೆಲ್ಲ ಹೊಂದಬೇಕಿಲ್ಲ. ಹೆಂಡತಿ ಗಂಡನಿಗೆ ಕೊಟ್ಟ ಎಷ್ಟೋ ಕಿಡ್ನಿಗಳು ಚೆನ್ನಾಗೇ ನಡೆಯುತ್ತವೆ.

ಹಾಗಾದರೆ ಭಾವಂದು ಯಾಕೆ ಆಗಲಿಲ್ಲ? ಕ್ರಾಸ್‌ಮ್ಯಾಚ್ ಅಂತ ಒಂದು ಟೆಸ್ಟ್ ಇದೆ. ಕೊಡುವವರ ಬಿಳಿ ರಕ್ತಕಣದ ಜೊತೆ ತಗೊಳ್ಳುವವರ ಸೀರಮ್ (ರಕ್ತದ ತಿಳಿನೀರು) ಬೆರೆಸಿ ನೋಡುತ್ತಾರೆ. ಅಕ್ಕಂದು ಪಾಸಿಟಿವ್ ಬಂತು. ಇಲ್ಲಿ ಪಾಸಿಟಿವ್ ಅಂದರೆ ಕೆಟ್ಟ ಸುದ್ದಿ, ಅವಳ ರಕ್ತದಲ್ಲಿ ಭಾವನ ಗುರುತಿನ ವಿರುದ್ಧ ಪ್ರತಿಕಾಯ, ಅಂದರೆ ಹೊರಗಿನದ್ದರ ಮೇಲೆ ಬೀಳುವ ಆಂಟಿಬಾಡಿ, ಮೊದಲೇ ತಯಾರಾಗಿ ಕೂತಿದೆ ಅಂತ. ಎಲ್ಲಿಂದ ಬಂತು ಅದು? ಡಾಕ್ಟರು ಹೇಳಿದ್ದು ಕೇಳಿ ನಾನು ದಂಗಾದೆ. ಹೊಟ್ಟೆಯಲ್ಲಿರುವ ಮಗುವಿನಲ್ಲಿ ಅರ್ಧ ಗುರುತು ಅಪ್ಪಂದು, ಅದರ ಕಣಗಳು ಒಂದಿಷ್ಟು ತಾಯಿಯ ರಕ್ತಕ್ಕೆ ಸೇರಿದಾಗ ಕೆಲವು ತಾಯಂದಿರ ದೇಹ ಅದನ್ನ ಹೊರಗಿನದು ಅಂದುಕೊಂಡು ಪ್ರತಿಕಾಯ ಕಟ್ಟಿಕೊಳ್ಳುತ್ತದಂತೆ. ಅಕ್ಕನಿಗೆ ಎರಡು ಹೆರಿಗೆ. ಅಂದರೆ ಇವರ ಮಕ್ಕಳನ್ನ ಹೆತ್ತಿದ್ದಕ್ಕೇ ಇವರ ಕಿಡ್ನಿ ಅವಳಿಗೆ ಆಗಿಬರಲಿಲ್ಲ! ರಕ್ತ ಹಾಕಿಸಿಕೊಂಡವರಿಗೂ ಹೀಗಾಗಬಹುದು.

ಕೊನೆಗೆ ಅವಳ ತಮ್ಮ ಕೊಟ್ಟ. ಅವನದ್ದೂ ಅರ್ಧವೇ ಹೊಂದಿದ್ದು, ಆದರೆ ಕ್ರಾಸ್‌ಮ್ಯಾಚ್ ನೆಗೆಟಿವ್. ಊರಿಗೆ ಅವನು ದೇವರು, ಭಾವ ಕಳ್ಳ.

ಜನರ ಅನುಮಾನ ಎಲ್ಲಿಂದ ಹುಟ್ಟುತ್ತದೆ ಅಂತ ನನಗೂ ಗೊತ್ತು. ನಮ್ಮ ದೇಶದಲ್ಲಿ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಹೆಂಗಸರೇ ಜಾಸ್ತಿ, ಗಂಡಸರು ಜಾರಿಕೊಳ್ಳೋದು ಇದ್ದೇ ಇದೆ. ಆದರೆ ಭಾವ ಅದಲಾಬದಲಿಗೂ ರೆಡಿ ಇದ್ದರು. ಹೀಗೇ ಹೊಂದದ ಇನ್ನೊಂದು ಜೋಡಿ ಸಿಕ್ಕರೆ ಇವರದ್ದು ಅವರಿಗೆ, ಅವರದ್ದು ಅಕ್ಕನಿಗೆ. 2011ರ ತಿದ್ದುಪಡಿಯಿಂದ ಅದಕ್ಕೆ ಕಾನೂನಿನ ಒಪ್ಪಿಗೆಯೂ ಇದೆ.

ಆವತ್ತು ನಕ್ಕವರಲ್ಲಿ ಇಬ್ಬರು ನನ್ನ ಫ್ರೆಂಡ್ ಲಿಸ್ಟಲ್ಲೇ ಇದ್ದೀರಿ. ಲೈಕ್ ಒತ್ತಬೇಡಿ, ಭಾವನಿಗೆ ಒಂದು ಫೋನ್ ಮಾಡಿ.