ಸ್ಪಷ್ಟನೆ: ‘ನಾಸ್ತಿಕರು ಬಡವರಿಗೆ ಏನೂ ಮಾಡಿಲ್ಲ’ ಎನ್ನುವುದು ಸರಿಯಲ್ಲ

‘ನಾಸ್ತಿಕರು ಸುಮ್ನೆ ವಾದ ಮಾಡುತ್ತಾರೆ, ಬಡವರ ಹಸಿವಿಗೂ ಅವರಿಗೂ ಸಂಬಂಧವಿಲ್ಲ’ ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಜಾಸ್ತಿ ದೂರ ಹೋಗಬೇಕಿಲ್ಲ, ವಿಜಯವಾಡವನ್ನೇ ನೋಡಿ.

ಗೋರಾ ಎಂದೇ ಹೆಸರಾದ ಗೋಪರಾಜು ರಾಮಚಂದ್ರ ರಾವ್ ಸಸ್ಯಶಾಸ್ತ್ರದ ಮೇಷ್ಟ್ರು. ದೇವರಿಲ್ಲ ಎಂದದ್ದಕ್ಕೆ ಕಾಲೇಜಿನ ಕೆಲಸ ಹೋಯಿತು. 1940ರಲ್ಲಿ ಹೆಂಡತಿ ಸರಸ್ವತಿಯವರ ಜೊತೆ ಮುದುನೂರು ಎಂಬ ಹಳ್ಳಿಯಲ್ಲಿ ನಾಸ್ತಿಕ ಕೇಂದ್ರ ಶುರುಮಾಡಿದರು. 1947ರಲ್ಲಿ ಅದು ವಿಜಯವಾಡಕ್ಕೆ ಬಂತು. ದಲಿತರ ಜೊತೆ ಒಂದೇ ಪಂಕ್ತಿಯಲ್ಲಿ ಕೂತು ಉಂಡರು, ಮಕ್ಕಳಿಗೆ ಜಾತಿ ಮೀರಿ ಮದುವೆ ಮಾಡಿದರು. ಸಾರ್ವಜನಿಕ ಉದ್ಯಾನಗಳಲ್ಲಿ ಹೂವಿನ ಗಿಡ ಯಾಕೆ, ತರಕಾರಿ ಬೆಳೆಯಿರಿ ಎಂದು ಚಳವಳಿಯನ್ನೇ ಹೂಡಿದರು. (ಸಸ್ಯಶಾಸ್ತ್ರದ ಮೇಷ್ಟ್ರಿಗೇ ಹೊಳೆಯುವ ಮಾತು, ಅಲ್ವಾ?)

1977ರ ನವೆಂಬರ್‌ನಲ್ಲಿ ಚಂಡಮಾರುತ ಆಂಧ್ರ ಕರಾವಳಿಯ ದಿವಿಸೀಮೆಯನ್ನು ಕೊಚ್ಚಿಹಾಕಿದಾಗ ಕೇಂದ್ರದವರು ಪರಿಹಾರದ ಕೆಲಸಕ್ಕೆ ಇಳಿದರು. ಗೋರಾ ಅವರ ಮಗ ಲವಣಂ, ಸೊಸೆ ಹೇಮಲತಾ ಆಂಧ್ರದ ಸ್ಟೂವರ್ಟ್‌ಪುರಂನಲ್ಲಿ, ಬ್ರಿಟಿಷರು ‘ಅಪರಾಧಿ ಬುಡಕಟ್ಟು’ ಎಂದು ಹಣೆಪಟ್ಟಿ ಹಚ್ಚಿದ್ದ ಕುಟುಂಬಗಳ ನಡುವೆ ವರ್ಷಗಟ್ಟಲೆ ದುಡಿದರು.

ಹಾಗಂತ ನಾಸ್ತಿಕರೆಲ್ಲ ಬಡವರ ಪರ ಎಂದೂ ಅಲ್ಲ. ದೇವರನ್ನು ನಂಬದಿದ್ದ ಮಾತ್ರಕ್ಕೆ ಯಾವ ಹೊಣೆಯೂ ತಾನಾಗಿ ಹೆಗಲೇರುವುದಿಲ್ಲ. ಆದರೆ ‘ಹಣೆಬರಹ, ಹಿಂದಿನ ಜನ್ಮದ ಕರ್ಮ’ ಎಂದು ಬಡತನದಿಂದ ಕೈತೊಳೆದುಕೊಳ್ಳುವ ದಾರಿ ನಾಸ್ತಿಕನಿಗಿಲ್ಲ. ಗೋರಾ ಹಿಡಿದದ್ದು ಈ ಎಳೆಯನ್ನೇ.