ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ

ಇಬ್ಬರ ಸೀಟಿನಲ್ಲಿ ಮೂರನೆಯವಳಾಗಿ ಕೂತು ಬೆಳೆದವಳು ನಾನು. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂದರೆ ಸಾಕು, ಅರ್ಧ ಸೊಂಟ ಗಾಳಿಯಲ್ಲಿ ಬಿಟ್ಟು ಮೆಜೆಸ್ಟಿಕ್‌ನಿಂದ ಬನಶಂಕರಿವರೆಗೆ ಹೋಗಿದ್ದೇನೆ. ಅಂಥವಳಿಗೆ ನ್ಯೂಜೆರ್ಸಿಯಲ್ಲಿ ಒಬ್ಬ ಥೆರಪಿಸ್ಟ್ ಬರೆದುಕೊಟ್ಟ ಕಾಯಿಲೆಯ ಹೆಸರು ಅಡ್ಜಸ್ಟ್‌ಮೆಂಟ್ ಡಿಸಾರ್ಡರ್. ಕೋಡ್ ಎಫ್43.22, ಅಂದರೆ ಜೊತೆಗೆ ಆತಂಕವೂ ಉಂಟು. ಬಿಎಂಟಿಸಿಗೆ ಗೊತ್ತಾದರೆ ಮಾನ ಹೋಗುತ್ತದೆ.

ಆಗಿದ್ದಿಷ್ಟೇ. ಆಫೀಸಿನಲ್ಲಿ ಪಕ್ಕದ ಕುರ್ಚಿಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು, ನನಗೆ ರಾತ್ರಿ ಮೂರಕ್ಕೆ ಎಚ್ಚರವಾಗುತ್ತಿತ್ತು. ಡಾಕ್ಟರು ‘ಯಾರ ಹತ್ರಾನಾದ್ರೂ ಮಾತಾಡು’ ಅಂದರು. ಅಮ್ಮನಿಗೆ ಹೇಳಿದೆ. ‘ಮಾತಾಡೋಕೆ ದುಡ್ಡಾ? ನಂಗೆ ಫೋನ್ ಮಾಡೇ, ವಾಟ್ಸಾಪಲ್ಲಿ ಫ್ರೀ’ ಅಂದಳು. ‘ಇನ್ಶೂರೆನ್ಸ್ ಕೊಡುತ್ತಮ್ಮಾ’ ಅಂದೆ. ಅದನ್ನು ಹೇಳುವಾಗ ನಾನೂ ನಂಬಿದ್ದೆ.

ಇನ್ಶೂರೆನ್ಸ್ ಕಂಪನಿಯ ವೆಬ್‌ಸೈಟಿನಲ್ಲಿ ನೆಟ್‌ವರ್ಕ್ ಥೆರಪಿಸ್ಟುಗಳ, ಅಂದರೆ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡವರ, ಉದ್ದನೆಯ ಪಟ್ಟಿ ಇತ್ತು. ಫೋನ್ ಮಾಡುತ್ತಾ ಹೋದೆ. ಒಬ್ಬರು ರಿಟೈರ್ ಆಗಿದ್ದರು. ಒಬ್ಬರು ಹೊಸಬರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಒಬ್ಬರು ಮಕ್ಕಳನ್ನು ಮಾತ್ರ ನೋಡುತ್ತಿದ್ದರು. ಒಂದು ನಂಬರು ಹಲ್ಲಿನ ಡಾಕ್ಟರದ್ದು. ಆ ರಿಸೆಪ್ಷನಿಸ್ಟ್ ಮಾತ್ರ ನನ್ನ ಕಷ್ಟವನ್ನು ಪೂರ್ತಿ ಕೇಳಿಸಿಕೊಂಡಳು, ಪಾಪ. ಇಂಥ ಪಟ್ಟಿಗೆ ಅಮೆರಿಕದಲ್ಲಿ ‘ಘೋಸ್ಟ್ ನೆಟ್‌ವರ್ಕ್’ ಅನ್ನುತ್ತಾರೆ. ನಮ್ಮೂರಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದೆವಲ್ಲ, ಇಲ್ಲಿ ದೆವ್ವಗಳೇ ನಮಗೆ ಹಾಗೆ ಹೇಳುತ್ತವೆ.

ಕೊನೆಗೆ ಸಿಕ್ಕಿದವರು ನೆಟ್‌ವರ್ಕ್‌ನಿಂದ ಆಚೆ. ಸೆಷನ್ನಿಗೆ 200 ಡಾಲರ್. ನೀವು ನನಗೆ ಕೊಟ್ಟುಬಿಡಿ, ನಾನು ಸೂಪರ್‌ಬಿಲ್ ಕೊಡ್ತೀನಿ, ಇನ್ಶೂರೆನ್ಸ್‌ನಿಂದ ವಾಪಸ್ ತಗೊಳ್ಳಿ ಅಂದರು. ಸೂಪರ್‌ಬಿಲ್! ಹೆಸರು ಕೇಳಿ ಏನೋ ದೊಡ್ಡದು ಅಂದುಕೊಂಡೆ. ನೋಡಿದರೆ ಒಂದು ಹಾಳೆ. ತಾರೀಕು, ಕಾಯಿಲೆಯ ಕೋಡು, ಅವರ ಟ್ಯಾಕ್ಸ್ ನಂಬರು, ಅಲ್ಲಿ ಡಾಕ್ಟರು, ಥೆರಪಿಸ್ಟುಗಳಿಗೆಲ್ಲ ಇರುವ ಹತ್ತಂಕಿಯ ಗುರುತಿನ ನಂಬರು ಎನ್‌ಪಿಐ, ಆಮೇಲೆ 90834. ಅದು ಮಾತಿನ ಕೋಡು. 38ರಿಂದ 52 ನಿಮಿಷ ಮಾತಾಡಿದರೆ 90834, 53 ಮುಟ್ಟಿದರೆ 90837. ನಮ್ಮ ಥೆರಪಿಸ್ಟ್ 50ಕ್ಕೆ ಸರಿಯಾಗಿ ಗಡಿಯಾರ ನೋಡುತ್ತಾರೆ. ನನಗೋ 49ನೇ ನಿಮಿಷಕ್ಕೇ ಅಳು ಬರುವುದು. ಟಿಶ್ಯೂ ಡಬ್ಬ ಕೈಗಿತ್ತು ಬಾಗಿಲವರೆಗೆ ಬಿಡುತ್ತಿದ್ದರು.

ಇನ್ಶೂರೆನ್ಸ್ ಯೋಜನೆಯ ಪುಸ್ತಕದಲ್ಲಿ ‘ನೆಟ್‌ವರ್ಕ್ ಹೊರಗೆ 60%’ ಅಂತ ಇತ್ತು. 200ಕ್ಕೆ 120 ವಾಪಸ್. ಈ ಲೆಕ್ಕವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಅದನ್ನು ನೋಡಿದ ದಿನ ಒಳ್ಳೇ ನಿದ್ದೆ ಬಂತು.

ಮೊದಲ ಕ್ಲೇಮು ತಿರಸ್ಕಾರವಾಗಿ ಬಂತು. ಇಂಥ ಸದಸ್ಯರೇ ಇಲ್ಲವಂತೆ. ನಮ್ಮ ಕನ್ನಡದವರ ಹಳೇ ತಲೆನೋವು ಇದು. ನನ್ನ ಹೆಸರಿಗೆ ಇನಿಶಿಯಲ್ ಎಚ್. ಪಾಸ್‌ಪೋರ್ಟ್ ಮಾಡಿಸುವಾಗ ಅದನ್ನು ಬಿಡಿಸಿ ಹೊಳೆನರಸೀಪುರ ಅಂತ ಮಾಡಿದ್ದರು, ಅಪ್ಪನ ಊರು. ಹಾಗಾಗಿ ಅಮೆರಿಕದಲ್ಲಿ ನಾನು ಒಂದಿಡೀ ತಾಲ್ಲೂಕು ಕೇಂದ್ರ. ಇನ್ಶೂರೆನ್ಸ್ ಕಾರ್ಡಿನಲ್ಲಿ ಜಾಗ ಸಾಲದೆ ಊರು ‘ಹೊಳೆನರಸೀ’ಗೇ ನಿಂತಿತ್ತು. ಸೂಪರ್‌ಬಿಲ್‌ನಲ್ಲಿ ಬರೀ ಎಚ್. 47 ನಿಮಿಷ ಸಂಗೀತ ಕೇಳಿಸಿದ ಮೇಲೆ ಫೋನ್ ಎತ್ತಿದವಳು ‘ಹಲೋ, ಮಿಸ್ ಹೋಲ್?’ ಅಂದಳು. ಮಿಸ್ ಹೋಲೇ ಆಗಿಹೋಗಲಿ ತಾಯಿ, ದುಡ್ಡು ಕೊಡು ಅಂದುಕೊಂಡೆ. ತಿದ್ದಿದ ಕಾಗದವನ್ನು ಫ್ಯಾಕ್ಸ್ ಮಾಡಬೇಕಂತೆ. ಫ್ಯಾಕ್ಸ್ ಯಂತ್ರವನ್ನು ನಾನು ಕೊನೆಯ ಸಲ ನೋಡಿದ್ದು ಜಯನಗರದ ಒಂದು ಎಸ್‌ಟಿಡಿ ಬೂತಿನಲ್ಲಿ.

ಆಮೇಲೆ ವಾರಕ್ಕೊಂದು ಲಕೋಟೆ ಬರತೊಡಗಿತು. ಮೇಲೆ ದಪ್ಪಕ್ಷರದಲ್ಲಿ ‘ಇದು ಬಿಲ್ ಅಲ್ಲ’. ನಮ್ಮ ದೊಡ್ಡಮ್ಮ ‘ನಾನೇನೂ ಅನ್ನಲ್ಲಪ್ಪ’ ಅಂತ ಶುರು ಮಾಡುತ್ತಾರಲ್ಲ, ಹಾಗೆ. ಕೆಳಗೆ ಅನ್ನಬೇಕಾದ್ದೆಲ್ಲ ಇರುತ್ತದೆ. ಥೆರಪಿಸ್ಟ್ ಕೇಳಿದ್ದು: 200. ಕಂಪನಿ ಒಪ್ಪಿದ್ದು: 110. ಕಂಪನಿ ಕೊಡುವುದು: 0. ನಾವು ಎಷ್ಟೇ ಕೊಟ್ಟಿರಲಿ, ಅವರ ಲೆಕ್ಕದಲ್ಲಿ ಮಾತಿನ ಬೆಲೆ 110. ಮೇಲಿನ 90 ನನ್ನ ಶೋಕಿ. ಅಷ್ಟೇ ಅಲ್ಲ, ಮೊದಲ 2,000 ಡಾಲರ್ ಡಿಡಕ್ಟಿಬಲ್, ಅಂದರೆ ಅದು ತುಂಬುವವರೆಗೆ ಪೂರ್ತಿ ನಾನೇ ಹೊರಬೇಕು. ಆ ಹುಂಡಿಗೂ ಸೆಷನ್ನಿಗೆ ಬೀಳುವುದು 200 ಅಲ್ಲ, 110.

ಮನಸ್ಸಿಗೂ ಮೈಗೂ ಭೇದ ಮಾಡಬಾರದು ಅಂತ ಅಮೆರಿಕದಲ್ಲಿ 2008ರಿಂದ ಕಾನೂನಿದೆ. ಭೇದವೇನೂ ಮಾಡಲಿಲ್ಲ ಬಿಡಿ, ಮಂಡಿ ನೋವಿಗೆ ಹೋಗಿದ್ದರೂ ಹೀಗೇ ಸತಾಯಿಸುತ್ತಿದ್ದರು. ಭಾರತದಲ್ಲೂ 2017ರ ಕಾನೂನು ಅದನ್ನೇ ಹೇಳುತ್ತದೆ. ಆದರೆ ಬೆಂಗಳೂರಿನ ಗೆಳತಿಯ ಪಾಲಿಸಿಯಲ್ಲಿ ಆಸ್ಪತ್ರೆಗೆ ಅಡ್ಮಿಟ್ ಆದರೆ ಮಾತ್ರ ದುಡ್ಡು. ಸುಮ್ನೆ ಕೂತು ಮಾತಾಡಿದರೆ ಇಲ್ಲ. ‘ಇನ್ನೊಂದು ಸ್ವಲ್ಪ ಕೆಟ್ಟೋಗಲಿ ಅಂತ ಕಾಯ್ತಿದೀನಿ’ ಅಂದಳು.

ಇತ್ತ ನನ್ನ ಸೆಷನ್ನುಗಳಲ್ಲಿ ಆಫೀಸಿನ ಸುದ್ದಿಯೇ ನಿಂತುಹೋಯಿತು. ಈಗ ರಾತ್ರಿ ಮೂರಕ್ಕೆ ಎಚ್ಚರವಾಗುತ್ತಿದ್ದದ್ದು ಕ್ಲೇಮಿನಿಂದ. ಇನ್ಶೂರೆನ್ಸ್ ಬಗ್ಗೆ ಅಳುವುದಕ್ಕೆ ವಾರಕ್ಕೆ 200 ಡಾಲರ್ ಕೊಟ್ಟು, ಅದರ ರಸೀದಿಯನ್ನು ಅದೇ ಇನ್ಶೂರೆನ್ಸಿಗೆ ಕಳಿಸುತ್ತಿದ್ದೆ.

ಹುಂಡಿ ತುಂಬಿದ್ದು 19ನೇ ಸೆಷನ್ನಿಗೆ, ಡಿಸೆಂಬರಿನಲ್ಲಿ. 18 ಸೆಷನ್ನಿಗೆ 1,980. ಹತ್ತೊಂಬತ್ತನೆಯದರಲ್ಲಿ 20 ಹುಂಡಿಗೆ ಹೋಗಿ 90 ಉಳಿಯಿತು. ಅದರ 60%, ಅಂದರೆ 54 ಡಾಲರ್. ಅಷ್ಟು ಹೊತ್ತಿಗೆ ನನ್ನ ಕೈಯಿಂದ 3,800 ಹೋಗಿತ್ತು. ಜನವರಿ 1ಕ್ಕೆ ಹುಂಡಿ ಮತ್ತೆ ಸೊನ್ನೆ.

ಇರಲಿ, 54 ಆದರೂ ಬರಲಿ ಅಂತ ದಿನಾ ಅಂಚೆ ಡಬ್ಬ ನೋಡಿದೆ. ಬರಲಿಲ್ಲ. ಫೋನ್ ಮಾಡಿದರೆ ಚೆಕ್ಕು ಥೆರಪಿಸ್ಟ್‌ಗೆ ಹೋಗಿದೆಯಂತೆ. ಫಾರಂನಲ್ಲಿ ಎರಡು ಕಡೆ ಸಹಿಯ ಜಾಗ ಇತ್ತು. ಎರಡನೆಯದು ‘ಹಣವನ್ನು ನೇರ ಡಾಕ್ಟರಿಗೆ ಕೊಡಿ’ ಅನ್ನುವುದಕ್ಕೆ. ನಾನೋ ನಮ್ಮ ಬ್ಯಾಂಕುಗಳ ಕೌಂಟರಿನಲ್ಲಿ ತಯಾರಾದವಳು. ಗೀಟು ಕಂಡಲ್ಲೆಲ್ಲ ಸಹಿ ಹಾಕುವುದು ಅಭ್ಯಾಸ. ಹಿಂದೆಯೂ ಒಂದು ಹಾಕಿದ್ದೆ.

ಥೆರಪಿಸ್ಟ್‌ಗೆ ಇಮೇಲ್ ಬರೆದೆ. ಹತ್ತು ನಿಮಿಷಕ್ಕೆ ಉತ್ತರ ಬಂತು. ಚಿಂತೆ ಮಾಡಬೇಡಿ, ಮುಂದಿನ ಸೆಷನ್ನಿನ ಫೀಸಿನಲ್ಲಿ ಅಡ್ಜಸ್ಟ್ ಮಾಡ್ತೀನಿ ಅಂತ.

ಭಾನುವಾರ ಅಮ್ಮನ ಫೋನು. ‘ಇನ್ಶೂರೆನ್ಸ್‌ನೋರು ಕೊಟ್ರಾ ಪುಟ್ಟಿ?’

‘ಕೊಟ್ರಮ್ಮ. 54 ಡಾಲರ್.’

ಆ ಕಡೆ ಸ್ವಲ್ಪ ಹೊತ್ತು ಗುಣಾಕಾರ ನಡೆಯಿತು. ‘ನಾಲ್ಕು ಸಾವಿರದ ಮೇಲಾಯ್ತಲ್ಲೇ! ಬರೀ ಮಾತಾಡಿದ್ದಕ್ಕೆ ಅಷ್ಟು ಕೊಟ್ರಾ? ಒಳ್ಳೇ ಜನ ಕಣೆ.’